ನಮ್ಮ ಶಾಲೆಯ ಪ್ರತಿಭಾ ಪುರಸ್ಕಾರ: ಈ ಸಲ ಶಾಲು ಬೇಡ ಅಂದರೆ ಬೇಜಾರಾಗ್ತೀರಾ?

ಹಳೇ ಬೆಂಚು (1996 ಬ್ಯಾಚ್, ಮುಲುಂಡ್)

ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿನ ರಿಸಲ್ಟ್ 2025ರ ಮೇ 13ಕ್ಕೆ ಬಂತು. ಮಹಾರಾಷ್ಟ್ರದ ಒಟ್ಟು ಪಾಸು ಶೇ. 94.10. ಮುಂಬಯಿಯ ನಮ್ಮ ಕನ್ನಡ ಶಾಲೆಯಿಂದ ಕೂತವರು 19 ಮಕ್ಕಳು, ಪಾಸಾದವರು 18. ಒಬ್ಬ ಗಣಿತದಲ್ಲಿ ಹೋದ. ಜೂನ್ ಕೊನೆಗೆ ಮತ್ತೆ ಕೂರುತ್ತಾನೆ, ಅವನಿಗೆ ಪಾಠ ಹೇಳಲು ನಮ್ಮ ಬ್ಯಾಚಿನವರೊಬ್ಬರು ಆಗಲೇ ಶುರು ಮಾಡಿದ್ದಾರೆ.

ನಾವು ಓದುವಾಗ ಒಂದೊಂದು ಕ್ಲಾಸಿಗೂ ಎ, ಬಿ, ಸಿ ಅಂತ ಮೂರು ಡಿವಿಜನ್ ಇತ್ತು. ಈಗ ಒಟ್ಟು 19. ಆ ಅಳು ಬೇರೆ, ಇವತ್ತು ಬೇಡ.

ವಿಷಯ ಪ್ರತಿಭಾ ಪುರಸ್ಕಾರದ್ದು. ಪ್ರತಿ ವರ್ಷದ ಪದ್ಧತಿ ನಿಮಗೆ ಗೊತ್ತೇ ಇದೆ. ಮೊದಲ ಮೂವರಿಗೆ ಮತ್ತು ಕನ್ನಡದಲ್ಲಿ ಮೊದಲು ಬಂದವರಿಗೆ ಶಾಲು, ಹಾರ, ಸ್ಮರಣಿಕೆ, ಲಕೋಟೆಯಲ್ಲಿ 2,000 ರೂಪಾಯಿ. ಹಳೇ ವಿದ್ಯಾರ್ಥಿಗಳಿಂದ ಈ ಸಲ 46,000 ರೂಪಾಯಿ ಸೇರಿದೆ. ಸಭಾಂಗಣ, ಮೈಕು, ಉಪ್ಪಿಟ್ಟು ಕೇಸರಿಬಾತಿನ ಖರ್ಚು ಕಳೆದರೂ ಒಳ್ಳೆಯ ಮೊತ್ತ ಉಳಿಯುತ್ತದೆ.

ಎರಡು ಪ್ರಶ್ನೆ ಇದೆ. ಒಂದು, ಈ ದುಡ್ಡನ್ನು ಹಾರ ಸ್ಮರಣಿಕೆಗೇ ಹಾಕಬೇಕಾ? ಆ ಪ್ಲಾಸ್ಟಿಕ್ ಸರಸ್ವತಿ ಒಂದಕ್ಕೇ 450 ರೂಪಾಯಿ. ಎರಡನೆಯದು ಸ್ವಲ್ಪ ಕಷ್ಟದ್ದು. ಈ ಸಲ ಕನ್ನಡಕ್ಕೆ ಮೊದಲು ಬಂದವಳು ಒಬ್ಬ ಹುಡುಗಿ, ನೂರಕ್ಕೆ 91. ಒಟ್ಟು 500ಕ್ಕೆ 423, ಅಂದರೆ ಶೇ. 84.60. ಮನೆಮಾತು ಲಂಬಾಣಿ. ಅಪ್ಪ ಇಂಡಿ ತಾಲೂಕಿನವರು, ಇಲ್ಲಿ ಗೌಂಡಿ ಕೆಲಸ. ಮೊನ್ನೆ ಸಭೆಯಲ್ಲಿ ಒಬ್ಬ ಹಿರಿಯರು, "ಕನ್ನಡದ ಬಹುಮಾನ ಕನ್ನಡದ ಮನೆಯ ಮಗುವಿಗೆ ಹೋದರೆ ಚೆನ್ನಾಗಿತ್ತು" ಅಂದರು. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಥಾಣೆ ಸ್ಲೋ

ಕನ್ನಡದ ಮನೆ ಅಂದರೆ ಯಾವುದು ಮಾರಾಯ್ರೆ? ನಮ್ಮ ಬೆಂಚಿನ ಲೆಕ್ಕ ಹೇಳ್ತೇನೆ ಕೇಳಿ. ನಾನು ತುಳು. ನನ್ನ ಬಲಕ್ಕೆ ಕೂರುತ್ತಿದ್ದವ ಕೊಂಕಣಿ. ಹಿಂದಿನ ಬೆಂಚಿನವ ಬ್ಯಾರಿ. ಇಡೀ ಕ್ಲಾಸಿನಲ್ಲಿ ಮನೆಯಲ್ಲಿ ಕನ್ನಡ ಆಡುತ್ತಿದ್ದವನು ಧಾರವಾಡ ಕಡೆಯವ ಒಬ್ಬನೇ. ಅವನಿಗೆ ಕನ್ನಡದಲ್ಲಿ ಬಂದದ್ದು 58!

ಮುಂಬಯಿಯ ಕನ್ನಡ ಶಾಲೆ ಅಂದರೆ ಮೊದಲಿನಿಂದಲೂ ಹಾಗೇ ಅಲ್ವಾ? ಮೊಗವೀರರ ಮಂಡಳಿಯವರು ನೂರು ವರ್ಷಕ್ಕೂ ಹಿಂದೆ ಫೋರ್ಟ್‌ನಲ್ಲಿ ರಾತ್ರಿ ಶಾಲೆ ನಡೆಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಹೆಚ್ಚಿನ ಹುಡುಗರು ತುಳುನಾಡಿನವರೇ. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಸ್ಲೇಟು ಹಿಡಿದವರು. ಅವರಿಗೂ ಕನ್ನಡ ಶಾಲೆಯಲ್ಲಿ ಸಿಕ್ಕಿದ ಭಾಷೆಯೇ. ಈಗ ನಮ್ಮ ಜಾಗಕ್ಕೆ ವಿಜಯಪುರ, ಕಲಬುರ್ಗಿ ಕಡೆಯವರ ಮಕ್ಕಳು ಬಂದಿದ್ದಾರೆ. ಬೆಂಚು ಅದೇ.

ಮಾಟುಂಗಾ ಮಾವಿನಮಿಡಿ

ಥಾಣೆ ಸ್ಲೋ ಅವರ ಮಾತಿಗೆ ನನ್ನದೂ ಒಂದು ಸೇರಿಸಲಾ? ನನ್ನ ಇಬ್ಬರು ಮಕ್ಕಳೂ ಇಂಗ್ಲಿಷ್ ಮೀಡಿಯಂ. ದೊಡ್ಡವನಿಗೆ ಕನ್ನಡ ಓದಲು ಬರುವುದಿಲ್ಲ, ಚಿಕ್ಕವಳು ಅಂಗಡಿ ಬೋರ್ಡ್ ಮಟ್ಟಿಗೆ ಓದುತ್ತಾಳೆ. ಮೈಸೂರು ಅಸೋಸಿಯೇಷನ್ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ, 1926ರಿಂದ ಇರುವ ಸಂಸ್ಥೆ. ಅಲ್ಲಿ ನಾಟಕ ಇದ್ದರೆ ನಾನು ಒಬ್ಬಳೇ ಹೋಗಿ ಬರುತ್ತೇನೆ.

ನಾವು ನಮ್ಮ ಮಕ್ಕಳನ್ನು ಆ ಶಾಲೆಗೆ ಕಳಿಸಲಿಲ್ಲ. ಕಳಿಸಿದವರಿಂದಾಗಿ ಶಾಲೆಯ ಬಾಗಿಲು ಇವತ್ತಿಗೂ ತೆರೆದಿದೆ. ಈಗ ನಾವೇ ಹೋಗಿ ನಿಮ್ಮ ಮನೆಯಲ್ಲಿ ಏನು ಮಾತಾಡ್ತೀರಿ ಅಂತ ಕೇಳೋದಾ? ನನಗಂತೂ ನಾಚಿಕೆ ಆಗುತ್ತೆ.

ಶಾಲಿನ ವಿಷಯ ಗೊತ್ತಿಲ್ಲ. ಸರಸ್ವತಿ ಖಂಡಿತ ಬೇಡ. ನಮ್ಮ ಮನೆಯಲ್ಲಿ ಅಂಥವು ನಾಲ್ಕು ಇವೆ, ಧೂಳು ಒರೆಸೋಳು ನಾನು.

ಡ್ರಾಯಿಂಗ್ ಸರ್

ನಾನು ಆ ಶಾಲೆಯಲ್ಲಿ 29 ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವ. ಈ ಹುಡುಗಿ ನನ್ನ ಕೊನೆಯ ಬ್ಯಾಚು. ಒಂದು ಮಾತು ಹೇಳಬೇಕು.

ನಮ್ಮ ಮಹಾರಾಷ್ಟ್ರದಲ್ಲಿ ಎಲಿಮೆಂಟರಿ, ಇಂಟರ್ಮೀಡಿಯೆಟ್ ಅಂತ ಸರ್ಕಾರದ ಚಿತ್ರಕಲಾ ಪರೀಕ್ಷೆ ಇದೆ, ನಿಮ್ಮಲ್ಲಿ ಸುಮಾರು ಜನ ಬರೆದಿರಬೇಕು. ಇಂಟರ್ಮೀಡಿಯೆಟ್‌ನಲ್ಲಿ ಎ ಗ್ರೇಡ್ ಬಂದರೆ ಹತ್ತನೇ ಕ್ಲಾಸಿನ ಮಾರ್ಕಿಗೆ 7 ಸೇರುತ್ತದೆ, ಬಿ ಬಂದರೆ 5, ಸಿ ಬಂದರೆ 3. ಈ ಹುಡುಗಿಯ 423ರಲ್ಲಿ ಆ 7 ಇದೆ.

ಅವಳು ಅಭ್ಯಾಸ ಮಾಡುತ್ತಿದ್ದುದು ಮಧ್ಯಾಹ್ನ ಖಿಚಡಿ ಆದ ಮೇಲೆ, ಎರಡನೇ ಮಹಡಿಯ ಪಡಸಾಲೆಯ ನೆಲದ ಮೇಲೆ. ಕ್ಲಾಸಿನಲ್ಲಿ ಬೆಳಕು ಸಾಲದು. ಸ್ಥಿರ ಚಿತ್ರಕ್ಕೆ ಒಂದು ಹಿತ್ತಾಳೆ ಚೊಂಬು, ಎರಡು ಬದನೆಕಾಯಿ, ಕೆಳಗೆ ಮಡಚಿದ ಬಟ್ಟೆ ಇಡುತ್ತಿದ್ದೆ. ಎಲ್ಲರೂ ಚೊಂಬಿಗೆ ಹಳದಿ ಬಳಿದು ಮುಗಿಸುತ್ತಾರೆ. ಇವಳು ಚೊಂಬಿನ ಹೊಟ್ಟೆಯಲ್ಲಿ ಬದನೆಕಾಯಿಯ ನೇರಳೆ ನೆರಳು ನೋಡಿದಳು. ನಾನು ಹೇಳಿಕೊಟ್ಟಿರಲಿಲ್ಲ. ಅವಳ ಹತ್ತಿರ ಇದ್ದದ್ದು ಒಂದೇ ಬ್ರಷ್, ಕೂದಲು ಅರ್ಧ ಉದುರಿತ್ತು. ಬ್ಲೇಡಿನಲ್ಲಿ ತುದಿ ಕತ್ತರಿಸಿ ಚೂಪು ಮಾಡಿಕೊಂಡು ಅದರಲ್ಲೇ ಆ ನೇರಳೆ ಎಳೆದಳು. ಎ ಗ್ರೇಡ್ ಆ ಗೆರೆಗೇ ಬಂತು ಅಂತ ನನ್ನ ನಂಬಿಕೆ.

ಚಿತ್ರಕಲೆಗೆ ಬಹುಮಾನ ಇಡಿ ಅಂತ ನಾನು ಹೇಳುತ್ತಿಲ್ಲ. ಆರು ಬ್ರಷ್ ಇರುವ ಒಂದು ಸೆಟ್ ಇಡಿ, ಸಾಕು.

ಕಲ್ಯಾಣ್ ಫಾಸ್ಟ್ (2001)

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೈಬೇಡಿ.

ಕನ್ನಡದ ಬಹುಮಾನ ಆ ಹುಡುಗಿಗೇ ಸೇರಬೇಕು, ಅದರಲ್ಲಿ ಚರ್ಚೆ ಮಾಡೋಕೆ ಏನೂ ಇಲ್ಲ. 91 ಅಂದರೆ 91. ಆದರೆ ಶಾಲು ಬೇಡ, ಹಾರ ಬೇಡ ಅನ್ನೋದು ಶಾಲು ಸಿಕ್ಕವರ ಮಾತು. 2001ರಲ್ಲಿ ನಾನು ಮೂರನೆಯವನಾಗಿ ಬಂದೆ. ಅಪ್ಪ ಆಗ ಭಾಂಡೂಪಿನ ಒಂದು ಕ್ಯಾಂಟೀನಿನಲ್ಲಿದ್ದರು, ರಜೆ ಸಿಗಲಿಲ್ಲ. ಅಮ್ಮ ಒಬ್ಬರೇ ಬಂದಿದ್ದರು. ಆ ಶಾಲನ್ನು ಅಮ್ಮ ಇನ್ನೂ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದಾರೆ. ನನ್ನ ಮದುವೆಯ ಸೀರೆಗಳ ಮೇಲೆ ಅದು. ನಾನು ಒಂದು ಸಲವೂ ಹೊದ್ದಿಲ್ಲ.

ಮತ್ತೆ ಎಲ್ಲರಿಗೂ ಏನಾದರೊಂದು ಕೊಡೋಣ, ಎಲ್ಲರೂ ಪ್ರತಿಭಾವಂತರೇ ಅಂತ ಶುರು ಮಾಡಬೇಡಿ ದಯವಿಟ್ಟು. ಮಕ್ಕಳಿಗೆ ಅದು ಗೊತ್ತಾಗುತ್ತೆ.

ಹಳೇ ಬೆಂಚು

ನುಸಿಗುಳಿಗೆ ಓದಿ ಸುಮ್ನೆ ಕೂತುಬಿಟ್ಟೆ. ಸರಿ, ಶಾಲಿನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಇಂಡಿ ನಿಂಬೆ (2016)

ಅಣ್ಣಾರೆ, ಅಕ್ಕಾರೆ, ನಾನು ಇಲ್ಲಿ ಓದ್ತಾ ಇರ್ತೀನಿ, ಬರೆದಿದ್ದು ಕಮ್ಮಿ. ನಂದೂ ಲಂಬಾಣಿ ತಾಂಡಾದ ಮನೆ. ಅಪ್ಪ ಮೊದಲು ಬಿಗಾರಿ, ಆಮೇಲೆ ಗೌಂಡಿ. ನಾನೂ ಅದೇ ಶಾಲೆಯಲ್ಲಿ ಎರಡನೆಯವನಾಗಿ ಬಂದು, ನಿಮ್ಮದೇ ಸ್ಟೇಜಿನ ಮೇಲೆ ಶಾಲು ಹಾಕಿಸಿಕೊಂಡವನು. ಖುಷಿಯಾಗಿತ್ತು, ಸುಳ್ಳು ಹೇಳಲ್ಲ.

ಆದರೆ ಶಾಲು ಹಾಕಿಸಿಕೊಂಡು ಒಂದು ತಿಂಗಳಿಗೆ ಏನಾಯ್ತು ಅಂತ ಯಾರೂ ಕೇಳಲಿಲ್ಲ, ಅದಕ್ಕೆ ಈಗ ಹೇಳ್ತೀನಿ. ಘಾಟ್ಕೋಪರಿನ ಒಂದು ಕಾಲೇಜಿನಲ್ಲಿ ಹನ್ನೊಂದನೇ ಸೈನ್ಸ್ ಸೀಟು ಸಿಕ್ಕಿತು. ಒಂದು ಕ್ಲಾಸಿಗೆ ನೂರು ಚಿಲ್ಲರೆ ಹುಡುಗರು. ನಮ್ಮ ಶಾಲೆಯಿಂದ ನಾನೊಬ್ಬನೇ. ಮೊದಲ ವಾರ ಫಿಸಿಕ್ಸ್ ಸರ್ ಎಬ್ಬಿಸಿ ನಿಲ್ಲಿಸಿ, ಆಕ್ಸಲರೇಶನ್ ಅಂದರೆ ಏನು ಅಂತ ಕೇಳಿದರು. ಆ ಶಬ್ದವನ್ನೇ ನಾನು ಕೇಳಿರಲಿಲ್ಲ. ನಿಂತೇ ಇದ್ದೆ. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಸರ್ ಕೂರಿಸಿ ಬೋರ್ಡಿನ ಮೇಲೆ ಸೂತ್ರ ಬರೆದರು: ವಿ ಮೈನಸ್ ಯು, ಕೆಳಗೆ ಟಿ. ಬರೆದ ಕೂಡಲೇ ಗೊತ್ತಾಯಿತು. ಅಯ್ಯೋ, ಇದು ನಮ್ಮ ವೇಗೋತ್ಕರ್ಷ! ಹತ್ತನೇ ಕ್ಲಾಸಿನಲ್ಲಿ ಇದರ ಮೇಲೆ ನಾನು ಬಿಡಿಸದ ಲೆಕ್ಕ ಇರಲಿಲ್ಲ. ಕೈ ಎತ್ತೋಣ ಅನ್ನಿಸಿತು. ಎತ್ತಲಿಲ್ಲ. ಎತ್ತಿದರೆ ಇಂಗ್ಲಿಷಿನಲ್ಲಿ ಹೇಳಬೇಕಲ್ಲ.

ಹಾಗೆ ದಿನಾ ನಡೆಯಿತು. ಜಡತ್ವ ಇನರ್ಷಿಯಾ ಆಗಿತ್ತು. ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗಿತ್ತು. ಸಮದ್ವಿಬಾಹು ತ್ರಿಭುಜದ ಹೆಸರು ನನಗೆ ಇವತ್ತಿಗೂ ಸರಿಯಾಗಿ ಹೇಳೋಕೆ ಬರಲ್ಲ. ಗೊತ್ತಿದ್ದದ್ದೇ ಎಲ್ಲ, ಆದರೆ ವೇಷ ಹಾಕ್ಕೊಂಡು ಬಂದಂಗೆ. ದೀಪಾವಳಿ ಹೊತ್ತಿಗೆ ಎರಡು ವಿಷಯದಲ್ಲಿ ಫೇಲು. ಹನ್ನೆರಡಕ್ಕೆ ಸೈನ್ಸ್ ಬಿಟ್ಟೆ. ಈಗ ಸಿಎ ಆಫೀಸೊಂದರಲ್ಲಿ ಜಿಎಸ್‌ಟಿ ಕೆಲಸ ಮಾಡ್ತೀನಿ, ಚೆನ್ನಾಗೇ ಇದ್ದೀನಿ. ಅಯ್ಯೋ ಪಾಪ ಅನ್ನಬೇಡಿ.

ಆದರೆ ಹತ್ತನೇ ರಿಸಲ್ಟಿಗೂ ಹನ್ನೊಂದರ ಕ್ಲಾಸಿಗೂ ನಡುವೆ ಎರಡು ತಿಂಗಳ ಹತ್ತಿರ ಖಾಲಿ ಇರುತ್ತೆ. ಆವಾಗ ಯಾರಾದರೂ ನನ್ನನ್ನು ಕೂರಿಸಿಕೊಂಡು, ನೋಡಪ್ಪಾ, ಇದಕ್ಕೆ ಅಲ್ಲಿ ಹೀಗಂತಾರೆ ಅಂತ ಒಂದು ನೂರೈವತ್ತು ಶಬ್ದ ಹೇಳಿಕೊಟ್ಟಿದ್ದರೆ ಸಾಕಿತ್ತು. ಅಷ್ಟೇ ನಾನು ಹೇಳೋದು.

ಥಾಣೆ ಸ್ಲೋ

ನಿಂಬೆ, ಇದನ್ನು ಒಂಬತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀಯಾ?

ಹಾಗಾದರೆ ಶಾಲೆಯವರು ಸೆಮಿ ಇಂಗ್ಲಿಷ್ ಯಾಕೆ ಶುರು ಮಾಡಬಾರದು? ಮರಾಠಿ ಶಾಲೆಗಳಲ್ಲಿ ಮಾಡ್ತಾರಲ್ಲ, ಗಣಿತ ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ.

ಡ್ರಾಯಿಂಗ್ ಸರ್

ಸೆಮಿ ಇಂಗ್ಲಿಷ್ ಮಾತು ನಮ್ಮ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಬಂದಿತ್ತು. ಕಲಿಸುವವರು ಬೇಕಲ್ಲ. ನಿವೃತ್ತರಾದವರ ಜಾಗವೇ ತುಂಬಿಲ್ಲ. ಗಣಿತದವರೇ ಇತಿಹಾಸವನ್ನೂ ತಗೊಳ್ಳುತ್ತಾರೆ. ಅದು ನಮ್ಮ ಕೈಯಲ್ಲಿರುವ ಕೆಲಸ ಅಲ್ಲ, ನಿಂಬೆ ಹೇಳಿದ್ದು ನಮ್ಮ ಕೈಯಲ್ಲಿದೆ.

ಕೈಯಲ್ಲಿರುವ ಇನ್ನೊಂದು ಕೆಲಸ ಹೇಳುತ್ತೇನೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ಅಂತ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಅನುದಾನಿತ ಶಾಲೆಯ ಮಕ್ಕಳು ಕೂರಬಹುದು, ಮನೆಯ ವರಮಾನ ಮೂರೂವರೆ ಲಕ್ಷದ ಒಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಹಳೇ ಬೆಂಚು ಅವರೇ, ನಿಮ್ಮ ಇಡೀ ಫಂಡು 46,000 ಅಲ್ಲವೇ? ಒಂದು ಮಗು ಈ ಪರೀಕ್ಷೆ ಪಾಸಾದರೆ ನಮ್ಮೆಲ್ಲರ ವಂತಿಗೆಗಿಂತ ಜಾಸ್ತಿ.

ನಮ್ಮ ಮಕ್ಕಳು ಎಡವುವುದು ಪರೀಕ್ಷೆಯಲ್ಲಲ್ಲ, ಕಾಗದದಲ್ಲಿ. ತಹಶೀಲ್ದಾರರ ವರಮಾನ ಪತ್ರ ಬೇಕು, ಮಗುವಿನ ಹೆಸರಿನ ಬ್ಯಾಂಕ್ ಖಾತೆ ಬೇಕು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ರಿಜಿಸ್ಟರಿನಲ್ಲಿ ಇನ್ನೊಂದು. ಅಪ್ಪ ಒಂದು ದಿನ ಕಚೇರಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಎರಡನೇ ಸಲ ಬಾ ಅಂದರೆ ಹೋಗುವುದೇ ಇಲ್ಲ.

ಮತ್ತೊಂದು. ಊರಿಗೆ ಹೋದವರು ಪ್ರೀತಿಯಿಂದ ಕರ್ನಾಟಕದ ಗೈಡು ತಂದು ಕೊಡುತ್ತೀರಿ. ಅದು ಕಪಾಟಿನಲ್ಲೇ ಇರುತ್ತದೆ. ನಮ್ಮದು ಪುಣೆಯ ಬಾಲಭಾರತಿಯವರು ಕನ್ನಡದಲ್ಲಿ ಅಚ್ಚು ಹಾಕುವ ಪುಸ್ತಕ, ಪಾಠಗಳೇ ಬೇರೆ.

ಖೋ ಕೊಟ್ಟವಳು (2009)

ಎಲ್ಲರೂ ಮಾರ್ಕಿನ ಬಗ್ಗೆಯೇ ಬರೀತಿದ್ದೀರಿ. ಹುಡುಗಿಯರ ಖೋ ಖೋ ಟೀಮು ಈ ವರ್ಷ ಡಿಎಸ್‌ಓ (ಜಿಲ್ಲಾ ಕ್ರೀಡಾಧಿಕಾರಿ) ಟೂರ್ನಮೆಂಟಿನಲ್ಲಿ ಎರಡು ಮ್ಯಾಚ್ ಗೆದ್ದಿತು, ಯಾರಿಗಾದರೂ ಗೊತ್ತಾ? ನಾವು ಆಡುವಾಗ ಮೊದಲನೇದರಲ್ಲೇ ಮನೆಗೆ. ಮೂರನೇ ಮ್ಯಾಚ್ ಸೋತರು. ಬರಿಗಾಲು, ಮಣ್ಣು ಬಿಸಿ. ನಾನು ನೋಡೋಕೆ ಹೋಗಿದ್ದೆ. ಹನ್ನೆರಡು ಜೊತೆ ಕ್ಯಾನ್ವಾಸ್ ಶೂ ಬೇಕು. ನಾನು ಅರ್ಧ ಹಾಕ್ತೀನಿ.

ಮಾಟುಂಗಾ ಮಾವಿನಮಿಡಿ

ಉಳಿದ ಅರ್ಧ ನನ್ನದು. ಸೈಜು ಕಳಿಸಿ.

ಹಿರಿಯ

ಇಲ್ಲಿ ಬರೆಯುವುದು ನನಗೆ ಅಭ್ಯಾಸವಿಲ್ಲ, ಮೊಮ್ಮಗ ಟೈಪ್ ಮಾಡುತ್ತಿದ್ದಾನೆ.

ಸಭೆಯಲ್ಲಿ ಆ ಮಾತು ಹೇಳಿದವ ನಾನೇ. ಕನ್ನಡದ ಬಹುಮಾನ ತೀರಿಹೋದ ನನ್ನ ಅಣ್ಣನ ಹೆಸರಿನಲ್ಲಿ ನಾವೇ ಇಟ್ಟದ್ದು. ನಾನು ಊರಿನಿಂದ ಬಂದದ್ದು 1968ರಲ್ಲಿ, ಹದಿನಾಲ್ಕು ವರ್ಷ. ಹಗಲು ಕ್ಯಾಂಟೀನು, ರಾತ್ರಿ ಶಾಲೆ. ಅಣ್ಣನೇ ಕೈ ಹಿಡಿದು ಕರೆದುಕೊಂಡು ಹೋಗಿ ಹೆಸರು ಬರೆಸಿದ. ನಿದ್ದೆ ಬಂದು ತಲೆ ಬೆಂಚಿಗೆ ಬಡಿದರೆ ಮೇಷ್ಟ್ರು ಬೈಯುತ್ತಿರಲಿಲ್ಲ, ಮುಖ ತೊಳೆದು ಬಾ ಅನ್ನುತ್ತಿದ್ದರು.

ನನ್ನ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಕಳೆದ ವರ್ಷ ಆ ಹುಡುಗಿ ಸ್ನೇಹಿತೆಯರ ಜೊತೆ ಮಾತಾಡುವುದನ್ನು ಗೇಟಿನ ಹತ್ತಿರ ಕೇಳಿದ್ದೆ. ಅರ್ಧ ಹಿಂದಿ, ಅರ್ಧ ಮರಾಠಿ. ಅದಕ್ಕೆ ಹಾಗಂದೆ. ನಮ್ಮ ಮನೆಯಲ್ಲಿ ಏನು ಭಾಷೆ ಅಂತ ಥಾಣೆಯವರು ಕೇಳುವ ಮೊದಲು ನಾನೇ ಹೇಳುತ್ತೇನೆ, ತುಳು. ಈ ಟೈಪ್ ಮಾಡುವವನಿಗೆ ಅದೂ ಸರಿಯಾಗಿ ಬರುವುದಿಲ್ಲ.

ಬಹುಮಾನ ಅವಳಿಗೇ ಕೊಡಿ. ಆದರೆ ಎರಡು ಮಾತು ಕನ್ನಡದಲ್ಲಿ ಆಡಲಿ ಎಂಬುದು ನನ್ನ ಆಸೆ.

ಇಂಡಿ ನಿಂಬೆ

ಅಜ್ಜಾರೆ, ಆಡ್ತಾಳೆ ಬಿಡ್ರಿ. ಗೇಟಿನ ಹತ್ತಿರ ಯಾರೂ ವ್ಯಾಕರಣ ಮಾತಾಡಲ್ಲ.

ಹಳೇ ಬೆಂಚು

ಪರೀಕ್ಷೆ ಥರ ಮಾಡೋದು ಬೇಡ ಅಂತ ನನ್ನ ಅಭಿಪ್ರಾಯ. ಮಾತಾಡುವುದಾದರೆ ನಾಲ್ವರಿಗೂ ಮೈಕು ಕೊಡೋಣ. ಬೇಡ ಅಂದರೆ ಬಲವಂತ ಇಲ್ಲ.

ಹಳೇ ಬೆಂಚು (ಜೂನ್, ಕಾರ್ಯಕ್ರಮ ಮುಗಿದ ಮೇಲೆ)

ಕಾರ್ಯಕ್ರಮ ಆಯಿತು. ಮಳೆ, ಸೆಂಟ್ರಲ್ ಲೈನ್ ಲೇಟು, ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ತಡ. ಕೇಸರಿಬಾತು ಕಮ್ಮಿ ಬಿತ್ತು. ಭಾಷಣಗಳ ಬಗ್ಗೆ ಏನೂ ಬರೆಯುವುದಿಲ್ಲ, ಕೇಳಿದವರಿಗೆ ಗೊತ್ತು.

ಶಾಲು ಇಟ್ಟೆವು. ಕಲ್ಯಾಣ್ ಫಾಸ್ಟ್ ಗೆದ್ದರು. ಹಾರ, ಸ್ಮರಣಿಕೆ ತೆಗೆದೆವು. ಮಕ್ಕಳ ಜೊತೆ ಅಮ್ಮಂದಿರನ್ನೂ ಸ್ಟೇಜಿಗೆ ಕರೆದೆವು. ಬ್ರಷ್ ಸೆಟ್ಟನ್ನು ಡ್ರಾಯಿಂಗ್ ಸರ್ ತಾವೇ ಅಂಗಡಿಗೆ ಹೋಗಿ ಆರಿಸಿ ತಂದಿದ್ದರು, ಬಿಲ್ ಮಾತ್ರ ಎಷ್ಟು ಕೇಳಿದರೂ ಕೊಡುತ್ತಿಲ್ಲ.

ಹುಡುಗಿ ಮೈಕು ಹಿಡಿದು ಮೊದಲು ಸುಮ್ನೆ ನಿಂತಳು. ಆಮೇಲೆ ಹೇಳಿದಳು, ನನಗೆ ನೆನಪಿದ್ದಷ್ಟು ಬರೆಯುತ್ತೇನೆ. "ನಾವು ಊರಿಗೆ ಗದಗ ಗಾಡಿಯಲ್ಲಿ ಹೋಗ್ತೀವಿ. ಇಂಡಿ ರೋಡಿಗೆ ಇಳಿದು ಬಸ್ಸು ಹಿಡೀಬೇಕು. ನಮ್ಮ ಮನೆಯಲ್ಲಿ ಬಸ್ಸಿನ ಬೋರ್ಡ್ ಓದೋಕೆ ಬರೋದು ನನಗೊಬ್ಬಳಿಗೇ. ಮೊದಲು ಅವ್ವ ಎಲ್ಲರನ್ನೂ ಕೇಳ್ತಿದ್ದಳು, ಯಾವ ಬಸ್ಸು, ಯಾವ ಬಸ್ಸು ಅಂತ. ಈಗ ಸಾಮಾನು ಹಿಡ್ಕೊಂಡು ನನ್ನ ಹಿಂದೆ ನಿಲ್ತಾಳೆ." ಅಷ್ಟು ಹೇಳಿ ಮೈಕು ವಾಪಸು ಕೊಟ್ಟಳು.

ಹಿರಿಯರು ಮೊದಲ ಸಾಲಿನಲ್ಲಿದ್ದರು. ಏನೂ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಅವಳ ಅಪ್ಪನ ಪಕ್ಕ ಕೂತು ಇಂಡಿಯ ಲಿಂಬೆಹಣ್ಣಿನ ರೇಟು ಕೇಳುತ್ತಿದ್ದದ್ದು ಕಂಡಿತು.

ಕಲ್ಯಾಣ್ ಫಾಸ್ಟ್

ನನಗೆ ಆಫೀಸು, ಬರೋಕಾಗಲಿಲ್ಲ. ಅವಳು ಹನ್ನೊಂದಕ್ಕೆ ಏನು ತಗೊಂಡಳು?

ಹಳೇ ಬೆಂಚು

ಸೈನ್ಸ್. ಆನ್‌ಲೈನ್ ಫಾರಮ್ಮಿನಲ್ಲಿ ಹತ್ತರ ತನಕ ಕಾಲೇಜಿನ ಹೆಸರು ತುಂಬಬಹುದು, ನಿಂಬೆಯೇ ಕೂತು ತುಂಬಿಸಿದ. ಮನೆಯಿಂದ ಒಂದೇ ರೈಲಿನಲ್ಲಿ ಹೋಗಬಹುದಾದ್ದನ್ನು ಮೊದಲು ಹಾಕಿದ್ದಾರೆ.

ಭಾನುವಾರದ ಕ್ಲಾಸು ಶುರುವಾಗಿದೆ. ಮೊದಲ ವಾರ ಏಳು ಮಕ್ಕಳು ಬಂದಿದ್ದರು. ನಿಂಬೆ 200 ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಸುತ್ತಿದ್ದಾನೆ. ಮೊದಲ ಸಾಲು ವೇಗೋತ್ಕರ್ಷ. ಎಂಟನೇ ಕ್ಲಾಸಿನ ಐದು ಮಕ್ಕಳ ವರಮಾನ ಪತ್ರಕ್ಕೆ ಥಾಣೆ ಸ್ಲೋ ಒಂದು ದಿನ ರಜೆ ಹಾಕಿ ತಹಶೀಲ್ದಾರರ ಕಚೇರಿಗೆ ಹೋಗಿದ್ದರು. ಮೂರು ಆಯಿತು, ಎರಡಕ್ಕೆ ಮತ್ತೆ ಹೋಗಬೇಕು.

ಬಯಾಲಜಿ ಹೇಳಿಕೊಡುವವರು ಇನ್ನೂ ಸಿಕ್ಕಿಲ್ಲ. ಬರುವವರು ಭಾನುವಾರ ಹತ್ತು ಗಂಟೆಗೆ ಬನ್ನಿ. ಮುಂದಿನ ಗೇಟಿಗೆ ಬೀಗ ಇರುತ್ತೆ, ಹಿಂದಿನ ಗೇಟಿನಿಂದ ಬರಬೇಕು. ಸಿಪಾಯಿಗೆ ನನ್ನ ಹೆಸರು ಹೇಳಬೇಡಿ, ಡ್ರಾಯಿಂಗ್ ಸರ್ ಹೆಸರು ಹೇಳಿ. ಆಗ ಬಿಡ್ತಾನೆ.